ಮಗ ‘ನನಗೇನೂ ಆಗಿಲ್ಲ’ ಅನ್ನುತ್ತಾನೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಹೇಗೆ?

ಪ್ರಶ್ನೆ: ನಾವು ಅರಸೀಕೆರೆ ಕಡೆಯ ಹಳ್ಳಿಯವರು. ತೆಂಗಿನ ತೋಟ ಇದೆ. ಒಬ್ಬನೇ ಮಗ, 26 ವರ್ಷ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ. ಎಂಟು ತಿಂಗಳ ಹಿಂದೆ ಯಾರಿಗೂ ಹೇಳದೆ ಕೆಲಸ ಬಿಟ್ಟು ಊರಿಗೆ ಬಂದ. ಈಗ ರೂಮಿನಿಂದ ಹೊರಗೆ ಬರುವುದೇ ಕಡಿಮೆ. ಆಫೀಸಿನವರು ಫೋನಿನಲ್ಲಿ ಏನೋ ಹಾಕಿದ್ದಾರೆ, ಪಕ್ಕದ ಮನೆಯವರು ರಾತ್ರಿಯೆಲ್ಲ ನನ್ನ ಬಗ್ಗೆಯೇ ಮಾತಾಡುತ್ತಾರೆ ಅನ್ನುತ್ತಾನೆ. ನಾನೇ ಮಾಡಿ ಅವನ ಎದುರಿಗೆ ಬಡಿಸಿದರೆ ಮಾತ್ರ ಊಟ. ಸ್ನಾನ ಮಾಡದೆ ವಾರಗಟ್ಟಲೆ ಇರುತ್ತಾನೆ. ಅವರಪ್ಪ ಸೋಮಾರಿ ಅಂತ ಬೈಯುತ್ತಾರೆ. ಒಮ್ಮೆ ಥೈರಾಯ್ಡ್ ಪರೀಕ್ಷೆ ಅಂತ ಸುಳ್ಳು ಹೇಳಿ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಬೋರ್ಡ್ ನೋಡಿ ಬಾಗಿಲಿನಿಂದಲೇ ವಾಪಸ್ ಬಂದ. ಆಮೇಲೆ ಅಪ್ಪನ ಜೊತೆ ಮಾತೇ ಇಲ್ಲ. ‘ನನಗೇನೂ ಆಗಿಲ್ಲ, ಹುಚ್ಚು ಹಿಡಿದಿರೋದು ನಿಮಗೆ’ ಅನ್ನುತ್ತಾನೆ. ನೆಂಟರು ಮದುವೆ ಮಾಡಿ, ಸರಿಹೋಗುತ್ತಾನೆ ಅಂತಾರೆ. ಇನ್ನೊಬ್ಬರು ಮಾತ್ರೆ ತಂದು ಪುಡಿ ಮಾಡಿ ಊಟದಲ್ಲಿ ಹಾಕಿ ಅಂತಾರೆ. ಹಾಕಬಹುದಾ? ಅವನನ್ನು ಚಿಕಿತ್ಸೆಗೆ ಒಪ್ಪಿಸುವುದು ಹೇಗೆ?

ಉತ್ತರ: ಅಮ್ಮಾ, ಮಾತ್ರೆಯ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ. ದಯವಿಟ್ಟು ಊಟದಲ್ಲಿ ಬೆರೆಸಬೇಡಿ.

ನಿಮಗೆ ಹಾಗೆ ಹೇಳಿದವರು ಕೆಟ್ಟ ಮನಸ್ಸಿನಿಂದ ಹೇಳಿರಲಾರರು. ದಾರಿ ಕಾಣದ ಎಷ್ಟೋ ಮನೆಗಳಲ್ಲಿ ಇದು ನಡೆಯುತ್ತದೆ, ಅದರ ಹಿಂದಿನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಮಗನ ಜಾಗದಲ್ಲಿ ನಿಂತು ನೋಡಿ. ಅವನಿಗೆ ಊಟದ ಮೇಲೆ ಈಗಾಗಲೇ ಅನುಮಾನ. ಅವನು ನಂಬಿ ತಿನ್ನುತ್ತಿರುವುದು ನಿಮ್ಮ ಕೈಯ ಅಡುಗೆ ಒಂದನ್ನೇ. ಯಾವತ್ತೋ ಒಂದು ದಿನ ಸಾರಿನಲ್ಲಿ ಬಿಳಿ ಪುಡಿ ಕಂಡಿತು, ಅಥವಾ ನಾಲಿಗೆಗೆ ಕಹಿ ಹತ್ತಿತು ಅಂತಿಟ್ಟುಕೊಳ್ಳಿ. ಊಟದಲ್ಲಿ ಏನೋ ಬೆರೆಸುತ್ತಾರೆ ಅನ್ನುವ ಅವನ ಅನುಮಾನ ಆ ಹೊತ್ತಿಗೆ ನಿಜವೇ ಆಗಿಬಿಟ್ಟಿತಲ್ಲ? ಆಮೇಲೆ ಈ ಮನೆಯಲ್ಲಿ ಅವನಿಗೆ ನಂಬಲು ಯಾರೂ ಉಳಿಯುವುದಿಲ್ಲ. ಊಟವನ್ನೇ ಬಿಟ್ಟರೆ ಇನ್ನೂ ಕಷ್ಟ.

ದೇಹಕ್ಕೂ ಅಪಾಯ ಇದೆ. ಇಂಥ ಮಾತ್ರೆಗಳಲ್ಲಿ ಕೆಲವು, ಮುಖ್ಯವಾಗಿ ಹಾಲೊಪೆರಿಡಾಲ್‌ನಂಥ ಹಳೆಯವು, ಹುಡುಗರಲ್ಲಿ ಇದ್ದಕ್ಕಿದ್ದಂತೆ ಕುತ್ತಿಗೆ ಸೆಟೆದುಕೊಳ್ಳುವಂತೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವಂತೆ ಮಾಡಬಹುದು. ನೋಡುವವರಿಗೆ ಭಯವಾಗುತ್ತದೆ. ಯಾವ ಮಾತ್ರೆ ತಗೊಂಡಿದ್ದಾನೆ ಅಂತ ಗೊತ್ತಿದ್ದರೆ ವೈದ್ಯರು ಒಂದು ಇಂಜೆಕ್ಷನ್ನಿನಿಂದ ಅದನ್ನು ಇಳಿಸುತ್ತಾರೆ. ತಾನು ಮಾತ್ರೆ ತಗೊಂಡಿರುವುದೇ ಗೊತ್ತಿಲ್ಲದವನು ಏನು ಹೇಳಬೇಕು? ಒಲಾಂಜಪಿನ್‌ನಂಥ ಮಾತ್ರೆಯಿಂದ ತೂಕ, ಸಕ್ಕರೆ ಏರಬಹುದು, ಅದಕ್ಕೆ ಆಗಾಗ ರಕ್ತ ಪರೀಕ್ಷೆ ಬೇಕು. ಕದ್ದು ಕೊಟ್ಟರೆ ಅದೂ ಇಲ್ಲ. ಇದೆಲ್ಲ ದಾಟಿ ಅವನು ಸುಧಾರಿಸಿದ ಅಂತಲೇ ಇಟ್ಟುಕೊಳ್ಳಿ. ನಾನಾಗೇ ಸರಿಹೋದೆ ಅಂದುಕೊಳ್ಳುತ್ತಾನೆ. ನೀವು ಪುಡಿ ಹಾಕುವುದು ನಿಲ್ಲಿಸಿದ ಮೇಲೆ ತೊಂದರೆ ಮರಳುವ ಸಂಭವ ಜಾಸ್ತಿ. ಮಾತ್ರೆಯಿಂದ ತನಗೆ ಒಳ್ಳೆಯದಾಯಿತು ಅಂತ ತಿಳಿಯುವ ಅವಕಾಶವನ್ನೇ ನಾವು ಅವನಿಂದ ಕಿತ್ತುಕೊಂಡ ಹಾಗಾಗುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಇಷ್ಟು ತಿಂಗಳು ನೀವು ಒಂದು ಕ್ರಮ ಹಿಡಿದು ಹೋರಾಡಿದ್ದೀರಿ. ಮೊದಲು ಅವನು ‘ನನಗೆ ಕಾಯಿಲೆ ಇದೆ’ ಅಂತ ಒಪ್ಪಬೇಕು, ಆಮೇಲೆ ಆಸ್ಪತ್ರೆ. ನನ್ನ ಹತ್ತಿರ ಬರುವ ಹೆಚ್ಚಿನ ಮನೆಯವರೂ ಹೀಗೇ ಹೊರಟಿರುತ್ತಾರೆ. ಈ ಕ್ರಮವನ್ನು ಬಿಟ್ಟುಬಿಡಿ ಅಂತ ನಾನು ಕೇಳಿಕೊಳ್ಳುತ್ತೇನೆ. ಕಾಯಿಲೆ ಒಪ್ಪದೆಯೂ ಮನುಷ್ಯ ಡಾಕ್ಟರನ್ನು ನೋಡಬಹುದು, ಮಾತ್ರೆ ನುಂಗಬಹುದು, ಹುಷಾರಾಗಬಹುದು. ಅವನಿಗೆ ಬೇಕಾಗಿರುವುದು ಹೋಗಲು ಒಂದು ಕಾರಣ. ಆ ಕಾರಣ ನಿಮ್ಮದಾಗಿದ್ದರೆ ಸಾಲದು, ಅವನದೇ ಆಗಿರಬೇಕು.

ಒಪ್ಪದಿರುವುದನ್ನು ನಾವು ಹಟ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಕಾಯಿಲೆಯದೇ ಭಾಗ. 1914ರಲ್ಲಿ ಬಾಬಿನ್‌ಸ್ಕಿ ಎಂಬ ನರರೋಗ ತಜ್ಞರು ಪಾರ್ಶ್ವವಾಯುವಾದ ಕೆಲವು ರೋಗಿಗಳ ಬಗ್ಗೆ ವರದಿ ಮಾಡಿದರು. ಆ ರೋಗಿಗಳ ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ಆದರೂ ತಮಗೆ ಏನೂ ಆಗಿಲ್ಲ ಅನ್ನುತ್ತಿದ್ದರು. ಸುಳ್ಳು ಹೇಳುತ್ತಿರಲಿಲ್ಲ, ತಮ್ಮ ದೇಹಕ್ಕೆ ಏನಾಗಿದೆ ಅಂತ ಗುರುತಿಸುವ ಮಿದುಳಿನ ಭಾಗಕ್ಕೇ ಪೆಟ್ಟು ಬಿದ್ದಿತ್ತು. ಇದಕ್ಕೆ ಅನೊಸೊಗ್ನೋಸಿಯಾ ಅನ್ನುತ್ತಾರೆ. ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜ ಅಂತ ನಂಬಿಸುವ ಸ್ಕಿಜೋಫ್ರೇನಿಯಾದಂಥ ತೀವ್ರ ಮಾನಸಿಕ ಕಾಯಿಲೆಗಳಲ್ಲೂ ಬಹಳ ಜನರಲ್ಲಿ ಇದಕ್ಕೆ ಹತ್ತಿರದ ಸ್ಥಿತಿ ಕಾಣುತ್ತದೆ. ಗೋಡೆಯ ಆಚೆಯ ಮಾತು ಅವನ ಕಿವಿಗೆ ನಿಜವಾಗಿ ಕೇಳಿಸುತ್ತಿರಬಹುದು, ಈಗ ನನ್ನ ಮಾತು ನಿಮಗೆ ಮುಟ್ಟುತ್ತಿರುವಷ್ಟೇ ಸ್ಪಷ್ಟವಾಗಿ. ಕೇಳಿಸಿದ್ದನ್ನು ‘ಇಲ್ಲ’ ಅಂದರೆ ಯಾರು ತಾನೇ ನಂಬುತ್ತಾರೆ? ವಾದ ಮಾಡಿದಷ್ಟೂ ಅವನು ದೂರ ಸರಿಯುತ್ತಾನೆ.

ಪತ್ರ ಓದಿ ಕಾಯಿಲೆಯ ಹೆಸರು ಹೇಳುವುದು ತಪ್ಪು, ನಾನು ಹೇಳುವುದಿಲ್ಲ. ಅನುಮಾನ, ದನಿ ಕೇಳಿಸುವುದು, ಮುದುಡಿಕೊಳ್ಳುವುದು ಬೇರೆ ಬೇರೆ ಕಾರಣದಿಂದ ಬರಬಹುದು. ತೀವ್ರ ಖಿನ್ನತೆಯಲ್ಲಿ ಬರುತ್ತದೆ, ಮನಸ್ಸು ಅತಿಯಾಗಿ ಏರಿ ಇಳಿಯುವ ಬೈಪೋಲಾರ್‌ನಲ್ಲಿ ಬರುತ್ತದೆ, ಗಾಂಜಾದಿಂದ ಬರುತ್ತದೆ. ಅಪರೂಪಕ್ಕೆ ಥೈರಾಯ್ಡ್, ಬಿ12 ಕೊರತೆ, ಫಿಟ್ಸ್‌ನಿಂದಲೂ ಬರುತ್ತದೆ. ಪರೀಕ್ಷೆ ಮಾಡದೆ ಬೇರ್ಪಡಿಸಲು ಆಗುವುದಿಲ್ಲ. ಆದರೆ ಎಂಟು ತಿಂಗಳು ಅನ್ನುವುದು ಜಾಸ್ತಿ ಕಾಲ. ಇಂಥ ತೊಂದರೆಗಳು ಹುಡುಗರಲ್ಲಿ ಹೆಚ್ಚಾಗಿ ಹದಿನೆಂಟರಿಂದ ಇಪ್ಪತ್ತೈದು ಮೂವತ್ತರ ಒಳಗೇ ಶುರುವಾಗುತ್ತವೆ. ಚಿಕಿತ್ಸೆ ಬೇಗ ಸಿಕ್ಕಷ್ಟೂ ಫಲ ಚೆನ್ನಾಗಿರುತ್ತದೆ. ತಡವಾದದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ಸಮೀಕ್ಷೆ ನಡೆಯಿತು. ತೀವ್ರ ಮನೋರೋಗ ಇದ್ದವರಲ್ಲಿ ನಾಲ್ವರಿಗೆ ಸುಮಾರು ಮೂವರು ಚಿಕಿತ್ಸೆಯಿಂದ ಹೊರಗೇ ಇದ್ದರು. ನಿಮ್ಮ ಮನೆ ಒಂದೇ ಅಲ್ಲ.

ಹಾಗಾದರೆ ಅವನ ಕಾರಣ ಯಾವುದು? ನೀವು ಬರೆದದ್ದರಲ್ಲೇ ಇದೆ. ರಾತ್ರಿಯೆಲ್ಲ ಪಕ್ಕದ ಮನೆಯವರ ಮಾತು ಕೇಳಿಸುತ್ತದೆ ಅಂದರೆ ಅವನು ನಿದ್ದೆ ಮಾಡುತ್ತಿಲ್ಲ. ಊಟಕ್ಕೂ ಹೆದರುವವನು ದಿನವಿಡೀ ಭಯದಲ್ಲೇ ಇದ್ದಾನೆ. ಕಾಯಿಲೆ ಅನ್ನುವ ಮಾತಿಗೆ ಅವನು ಸಿಟ್ಟಾಗಬಹುದು. ನಿದ್ದೆ ಇಲ್ಲ, ಭಯ ಆಗುತ್ತದೆ, ತಲೆಗೆ ಬಿಡುವಿಲ್ಲ ಅನ್ನುವ ಮಾತಿಗೆ ಬಹುಶಃ ಆಗುವುದಿಲ್ಲ. ಅದು ಅವನದೇ ಅನುಭವ.

ಅಮೆರಿಕದ ಮನಃಶಾಸ್ತ್ರಜ್ಞ ಜೇವಿಯರ್ ಅಮಡೋರ್ ಅವರ ಅಣ್ಣನಿಗೇ ಸ್ಕಿಜೋಫ್ರೇನಿಯಾ ಇತ್ತು. ವರ್ಷಗಟ್ಟಲೆ ಅಣ್ಣನ ಜೊತೆ ವಾದ ಮಾಡಿ ಸೋತ ಮೇಲೆ ಅವರು ಮನೆಯವರಿಗಾಗಿ ಒಂದು ವಿಧಾನ ರೂಪಿಸಿದರು. ಕೇಳಿಸಿಕೊಳ್ಳಿ, ಅವರ ನೋವು ನಿಮಗೆ ತಟ್ಟಿದೆ ಅಂತ ತೋರಿಸಿ, ಇಬ್ಬರೂ ಒಪ್ಪುವ ಒಂದು ವಿಷಯ ಹುಡುಕಿ, ಅದಕ್ಕಾಗಿ ಜೊತೆಯಾಗಿ ಕೆಲಸ ಮಾಡಿ. ಇಷ್ಟೇ. ಹೇಳುವಷ್ಟು ಸುಲಭ ಇಲ್ಲ, ಆದ್ದರಿಂದ ನಿಮ್ಮ ಮನೆಗೆ ಹೊಂದಿಸಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಬೆಳಿಗ್ಗೆ ಕಾಫಿ ಕೊಡುವಾಗ ಅವನು ‘ಅಮ್ಮ, ರಾತ್ರಿ ಮತ್ತೆ ಶುರು ಮಾಡಿದ್ರು’ ಅಂತಾನೆ. ನಮ್ಮ ಬಾಯಿಗೆ ಥಟ್ಟನೆ ಬರುವುದು ‘ಯಾರೂ ಇಲ್ಲ ಕಣೋ, ಎಲ್ಲ ನಿನ್ನ ಭ್ರಮೆ’. ಅದನ್ನು ತಡೆಯಿರಿ. ‘ರಾತ್ರಿಯೆಲ್ಲ ಕೇಳಿಸ್ತೇನಪ್ಪ? ಎಷ್ಟೊತ್ತಿಗೆ ಕಣ್ಣು ಮುಚ್ಚಿದೆ?’ ಅಂತ ಕೇಳಿ. ಅವನು ಹೇಳಿದ್ದನ್ನು ತಿದ್ದದೆ ಕೇಳಿಸಿಕೊಳ್ಳಿ. ‘ಹಾಗಾದ್ರೆ ಹೆದರಿಕೆ ಆಗಿರುತ್ತೆ. ನಿದ್ದೆ ಇಲ್ಲದೆ ತಲೆ ಸಿಡಿಯುತ್ತಿರಬೇಕಲ್ವಾ?’ ಅನ್ನಿ. ಅವತ್ತಿಗೆ ಅಷ್ಟು ಸಾಕು. ಆಸ್ಪತ್ರೆಯ ಮಾತು ಅವತ್ತೇ ಎತ್ತಬೇಡಿ. ಎತ್ತಿದರೆ, ಇಷ್ಟು ಹೊತ್ತು ಕೇಳಿದ್ದು ಇದಕ್ಕಾ ಅಂತ ಅನಿಸಿಬಿಡುತ್ತದೆ.

ಅವನು ಒಂದು ದಿನ ನೇರವಾಗಿಯೇ ಕೇಳುತ್ತಾನೆ: ‘ಅಮ್ಮ, ನೀನು ನನ್ನ ನಂಬ್ತೀಯ ಇಲ್ವಾ?’ ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಸಮಾಧಾನಕ್ಕೆ ‘ಹೌದಪ್ಪ, ಆ ಮನೆಯವರು ಸರಿ ಇಲ್ಲ’ ಅನ್ನುತ್ತಾರೆ. ಹಾಗೆ ಹೇಳಬೇಡಿ, ಅವನ ಭಯ ಬೆಳೆಯುತ್ತದೆ. ಪಕ್ಕದ ಮನೆಯವರ ಮೇಲೆ ಜಗಳಕ್ಕೆ ಹೋದರೆ ಅದರ ಪಾಲು ನಿಮಗೂ ಬರುತ್ತದೆ. ‘ಸುಳ್ಳು’ ಅಂತಲೂ ಹೇಳಬೇಡಿ. ಹೀಗೆ ಹೇಳಿ: ‘ನಿನಗೆ ಬೇಜಾರಾದರೆ ಕ್ಷಮಿಸು ಮಗಾ. ನನಗೆ ಆ ಮಾತು ಕೇಳಿಸಲಿಲ್ಲ. ನಿನಗೆ ಕೇಳಿಸಿದೆ ಅನ್ನೋದು ನಂಗೊತ್ತು. ನಾನೇ ತಪ್ಪಿರಬಹುದು. ಇದಕ್ಕೆ ನಾವಿಬ್ಬರೂ ಜಗಳ ಆಡೋದು ಬೇಡ. ನಿನಗೆ ನಿದ್ದೆ ಇಲ್ಲ ಅನ್ನೋದಂತೂ ನನಗೆ ಕಾಣುತ್ತೆ.’ ಸುಳ್ಳೂ ಇಲ್ಲ, ವಾದವೂ ಇಲ್ಲ. ಮಾತು ಇಬ್ಬರೂ ಒಪ್ಪುವ ಕಡೆಗೆ ತಿರುಗುತ್ತದೆ.

ಹೀಗೆ ಕೆಲವು ದಿನ, ಬೇಕಾದರೆ ಒಂದೆರಡು ವಾರ, ನಡೆದ ಮೇಲೆ ಕೇಳಿ: ‘ನಿದ್ದೆಗೆ ಯಾರನ್ನಾದರೂ ನೋಡೋಣ್ವಾ?’ ಅವನು ಹೂಂ ಅಂದರೆ ಯಾರ ಹತ್ತಿರ ಅನ್ನುವುದನ್ನು ಮುಚ್ಚಿಡಬೇಡಿ. ‘ಅವರು ಮನೋವೈದ್ಯರು. ನಿದ್ದೆ, ಭಯ, ಟೆನ್ಷನ್ ಇದನ್ನೆಲ್ಲ ನೋಡೋದು ಅವರೇ’ ಅನ್ನಿ. ಇದು ಪೂರ್ತಿ ನಿಜ. ಕಳೆದ ಸಲ ನೀವು ಹೇಳಿದ ಥೈರಾಯ್ಡ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಅವನು ಬೋರ್ಡ್ ನೋಡಿದಾಗ ಆಶ್ಚರ್ಯಪಡುವುದಿಲ್ಲ. ಮನೋವೈದ್ಯರು ಅಂದ ಕೂಡಲೇ ಬೇಡ ಅಂದರೆ ನಿಮ್ಮ ಊರಿನ ಮಾಮೂಲಿ ಡಾಕ್ಟರಿಂದ ಶುರು ಮಾಡಿ. ಚಿಕ್ಕಂದಿನಿಂದ ನೋಡಿದವರಾದರೆ ಇನ್ನೂ ಒಳ್ಳೆಯದು. ಅವರಿಗೆ ಮೊದಲೇ ಎಲ್ಲ ಹೇಳಿಡಿ. ತೂಕ, ಬಿಪಿ, ರಕ್ತ ಎಲ್ಲ ನೋಡಿ, ‘ನಿದ್ದೆಗೆ ನನಗಿಂತ ಚೆನ್ನಾಗಿ ನೋಡೋರು ಒಬ್ಬರು ಇದ್ದಾರೆ, ನಾನೇ ಚೀಟಿ ಕೊಡ್ತೀನಿ’ ಅಂತ ಅವರು ಹೇಳಿದರೆ ಅದರ ತೂಕವೇ ಬೇರೆ.

ಎಲ್ಲವನ್ನೂ ನೀವೇ ಹೇಳಬೇಕೆಂದಿಲ್ಲ. ಅವನು ಇವತ್ತಿಗೂ ಯಾರ ಮಾತಿಗೆ ತಲೆ ಆಡಿಸುತ್ತಾನೆ? ಸೋದರಮಾವ ಇರಬಹುದು, ಅಕ್ಕನ ಗಂಡ ಇರಬಹುದು, ಹಾಸ್ಟೆಲಿನ ಗೆಳೆಯ ಇರಬಹುದು. ಅಂಥವರು ಒಬ್ಬರೇ ಸಾಕು. ನಾಲ್ಕು ಜನ ಸುತ್ತ ಕೂತು ಬುದ್ಧಿ ಹೇಳುವ ಪಂಚಾಯ್ತಿ ಮಾತ್ರ ಬೇಡವೇ ಬೇಡ. ಎಲ್ಲರೂ ಸೇರಿ ನನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಅಂತ ನಂಬಿರುವವನಿಗೆ ಅದು ಹೇಗೆ ಕಾಣಬೇಡ ಹೇಳಿ.

ಈಗ ಅವನ ತಂದೆಯ ವಿಷಯ. ಈ ಉತ್ತರವನ್ನು ಅವರೂ ಓದಲಿ ಅಂತ ನನ್ನ ಆಸೆ. ಸ್ವಾಮಿ, ನಿಮ್ಮ ಮಗನದು ಸೋಮಾರಿತನ ಅಂತ ನನಗೆ ಅನಿಸುವುದಿಲ್ಲ. ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ದುಡಿದ ಹುಡುಗ ಎಂಟು ತಿಂಗಳಲ್ಲಿ ಸೋಮಾರಿ ಹೇಗಾಗುತ್ತಾನೆ? ಅನುಮಾನ, ದನಿ ಇವು ಎಲ್ಲರಿಗೂ ಎದ್ದು ಕಾಣುತ್ತವೆ. ಇಂಥ ಕಾಯಿಲೆಗಳು ಇನ್ನೊಂದನ್ನೂ ಮಾಡುತ್ತವೆ: ಏಳುವ, ಸ್ನಾನ ಮಾಡುವ, ನಾಲ್ಕು ಮಾತಾಡುವ ಮನಸ್ಸನ್ನೇ ಇಂಗಿಸಿಬಿಡುತ್ತವೆ. ಬೈದರೆ ಆ ಮನಸ್ಸು ಬರುವುದಿಲ್ಲ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜ ವಿಜ್ಞಾನಿ 1950, 60ರ ದಶಕಗಳಲ್ಲಿ ಆಸ್ಪತ್ರೆಯಿಂದ ಮನೆಗೆ ಹೋದ ರೋಗಿಗಳನ್ನು ಗಮನಿಸಿದರು. ಟೀಕೆ, ಸಿಟ್ಟು ಅಥವಾ ಅತಿಯಾದ ಆತಂಕ ತುಂಬಿದ ಮನೆಗೆ ಹೋದವರಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ ಇತ್ತು. 1980ರ ದಶಕದಲ್ಲಿ ಚಂಡೀಗಢದಲ್ಲಿ ಇದೇ ಬಗೆಯ ಅಧ್ಯಯನ ನಡೆದಾಗ ಅಲ್ಲಿಯ ಮನೆಗಳಲ್ಲಿ ಅಂಥ ಟೀಕೆ ಲಂಡನ್ನಿಗಿಂತ ಕಡಿಮೆ ಇರುವುದು ಕಂಡಿತು, ಕಾಯಿಲೆ ಮರುಕಳಿಸುವುದೂ ಕಡಿಮೆ ಇತ್ತು. ಮನೆಯವರ ಬೈಗುಳದಿಂದ ಕಾಯಿಲೆ ಬಂತು ಅಂತ ಇದರ ಅರ್ಥ ಅಲ್ಲ. ಮನೆಯ ಮಾತು ತಣ್ಣಗಿದ್ದರೆ ಅದೂ ಒಂದು ಔಷಧಿಯೇ.

ಆ ಸುಳ್ಳಿಗೆ ಕ್ಷಮೆ ಕೇಳುವ ಕೆಲಸವೂ ತಂದೆಯದೇ. ನಮ್ಮ ಕಡೆ ಅಪ್ಪಂದಿರು ಮಕ್ಕಳ ಹತ್ತಿರ ಕ್ಷಮೆ ಕೇಳುವ ರೂಢಿ ಕಡಿಮೆ, ಗೊತ್ತು. ಉದ್ದ ಮಾತು ಬೇಕಾಗಿಲ್ಲ. ಬಾಗಿಲಲ್ಲಿ ನಿಂತು ‘ಥೈರಾಯ್ಡ್ ಅಂತ ಹೇಳಿ ಕರ್ಕೊಂಡು ಹೋಗಿದ್ದು ತಪ್ಪಾಯ್ತು ಕಣಪ್ಪ. ಇನ್ಮೇಲೆ ಎಲ್ಲಿಗೆ ಹೋಗೋದಾದ್ರೂ ಮೊದಲೇ ಹೇಳ್ತೀನಿ’ ಅಂದು ಬಂದುಬಿಡಿ. ಉತ್ತರ ಬರದಿರಬಹುದು. ಪರವಾಗಿಲ್ಲ. ಅವನು ಕೇಳಿಸಿಕೊಂಡಿರುತ್ತಾನೆ. ಆಮೇಲೆ ಕೊಟ್ಟ ಮಾತಿನಂತೆ ನಡೆದುಕೊಳ್ಳಿ.

ಮದುವೆಯ ಮಾತಿಗೆ ನನ್ನ ಉತ್ತರ ಚಿಕ್ಕದು. ಬೇಡ. ಯಾವ ಮಾನಸಿಕ ಕಾಯಿಲೆಗೂ ಮದುವೆ ಚಿಕಿತ್ಸೆ ಅಲ್ಲ. ಅವನ ಮೇಲೆ ಹೊಸ ಭಾರ ಬೀಳುತ್ತದೆ, ಜೊತೆಗೆ ಏನೂ ಅರಿಯದ ಒಂದು ಹೆಣ್ಣುಮಗಳ ಬದುಕು ಸಿಕ್ಕಿಕೊಳ್ಳುತ್ತದೆ. ಮುಂದೆ ಅವನು ಹುಷಾರಾಗಿ, ತಾನೇ ಬಯಸಿ, ಎಲ್ಲ ಹೇಳಿ ಮದುವೆಯಾದರೆ ಅದು ಬೇರೆ ಮಾತು. ಹಾಗೆ ಆಗಿ ಚೆನ್ನಾಗಿ ಸಂಸಾರ ಮಾಡುತ್ತಿರುವವರಿದ್ದಾರೆ.

ನೀವು ದೇವರ ಬಗ್ಗೆ ಬರೆದಿಲ್ಲ, ಆದರೂ ಇಂಥ ಹೊತ್ತಿನಲ್ಲಿ ಯಾರಾದರೂ ಗಾಳಿ ಸೋಕಿದೆ, ಮಾಟ ಆಗಿದೆ ಅಂತ ಹೇಳದೆ ಇರುವುದಿಲ್ಲ. ಹರಕೆ ಹೊರಬೇಕು ಅನಿಸಿದರೆ ಹೊರಿ. ಗಾಣಗಾಪುರಕ್ಕೆ ಹೋಗಿ ಬರಬೇಕು ಅನಿಸಿದರೆ, ಅವನೂ ಬರುತ್ತೇನೆ ಅಂದರೆ, ಹೋಗಿ ಬನ್ನಿ. ಪೂಜೆಗೂ ಔಷಧಿಗೂ ಜಗಳ ಇಲ್ಲ. ಗುಜರಾತಿನ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ ಪ್ರಾರ್ಥನೆಗೆ ಬಂದವರಿಗೆ ಅಲ್ಲೇ ಮನೋವೈದ್ಯರೂ ಸಿಗುವ ವ್ಯವಸ್ಥೆ ಆಗಿದೆ. ಆದರೆ ಹೊಡೆಯುವ, ಹೊಗೆ ಹಾಕುವ, ಉಪವಾಸ ಕೆಡಹುವ, ಕಟ್ಟಿಹಾಕುವ ಜಾಗಕ್ಕೆ ಮಾತ್ರ ಕಳಿಸಬೇಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹತ್ತಿರ ಮನೋರೋಗಿಗಳನ್ನು ಇಟ್ಟಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಓಡಲಾಗದೆ ಸತ್ತರು. ಮಾನಸಿಕ ಕಾಯಿಲೆ ಇರುವವರನ್ನು ಸರಪಳಿಯಲ್ಲಿ ಕಟ್ಟುವುದನ್ನು ಈಗ ಕಾನೂನೇ ನಿಷೇಧಿಸಿದೆ.

ಅವನು ಬರುವ ತನಕ ನೀವು ಸುಮ್ನೆ ಕಾಯಬೇಕಾಗಿಲ್ಲ. ನೀವೇ ಮೊದಲು ಮನೋವೈದ್ಯರ ಹತ್ತಿರ ಹೋಗಿ. ಮಗ ಇಲ್ಲದೆ ತಾಯಿ ತಂದೆ ಮಾತ್ರ ಬಂದು ಮಾತಾಡುವುದು ನಮಗೆ ಹೊಸದಲ್ಲ. ಅವನನ್ನು ನೋಡದೆ ಔಷಧಿ ಬರೆಯುವುದಿಲ್ಲ, ಬರೆಯಲೂಬಾರದು. ಆದರೆ ಏನಾಗಿರಬಹುದು, ಮನೆಯಲ್ಲಿ ಹೇಗೆ ಮಾತಾಡಬೇಕು, ಯಾವುದು ಅಪಾಯದ ಸೂಚನೆ ಅನ್ನುವುದನ್ನು ಕೂತು ಮಾತಾಡಬಹುದು. ನಿಮಗೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ, ಅಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ, ಸಾಮಾನ್ಯವಾಗಿ ಮಂಗಳವಾರ. ನಿಮ್ಮ ತಾಲೂಕಿಗೆ ಯಾವ ದಿನ ಅಂತ ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ಕೇಳಿಕೊಳ್ಳಿ. ಮನೆಯಿಂದ ಹೊರಡುವುದೇ ಕಷ್ಟ ಅಂದರೆ 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರೋಗಿಯೇ ಮಾತಾಡಬೇಕು ಅಂತ ಇಲ್ಲ, ಮನೆಯವರೂ ಮಾಡಬಹುದು. ಮುಂದೊಂದು ದಿನ ಮಗನೇ ಆ ನಂಬರಿಗೆ ಮಾತಾಡಲು ಒಪ್ಪಬಹುದು. ಎದುರು ಕೂರುವುದಕ್ಕಿಂತ ಫೋನ್ ಸುಲಭ ಅನ್ನುವ ಹುಡುಗರು ಬಹಳ. ಅವನಿಗೆ ಫೋನಿನ ಮೇಲೇ ಅನುಮಾನ ಇರುವುದರಿಂದ ಒತ್ತಾಯ ಮಾತ್ರ ಬೇಡ. ನಿಮ್ಮ ಫೋನ್ ಕೊಡುತ್ತೇನೆ ಅಂತ ಹೇಳಿ ನೋಡಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ನಿಧಾನದ ದಾರಿ. ನಿಧಾನಕ್ಕೆ ಸಮಯ ಇಲ್ಲದ ಸಂದರ್ಭವೂ ಬರಬಹುದು, ಅದನ್ನು ಗುರುತಿಸಲು ಕಲಿಯಿರಿ. ಸಾಯುವ ಮಾತಾಡುವುದು, ‘ಅವರು ಹೀಗೆ ಮಾಡು ಅಂತ ಹೇಳ್ತಿದ್ದಾರೆ’ ಅನ್ನುವುದು, ಮಚ್ಚು ಕುಡುಗೋಲು ಹತ್ತಿರ ಇಟ್ಟುಕೊಳ್ಳುವುದು, ಪಕ್ಕದ ಮನೆಯವರ ಮೇಲೆ ಏರಿ ಹೋಗುವುದು, ಊಟ ನೀರು ಪೂರ್ತಿ ಬಿಡುವುದು. ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆ. ಸಾಯಬೇಕು ಅನಿಸುತ್ತಾ ಅಂತ ಅವನನ್ನು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುಬಿಡುತ್ತದೆ ಅಂತ ತಾಯಂದಿರು ಹೆದರುತ್ತಾರೆ. ಹಾಗಾಗುವುದಿಲ್ಲ. ಮನಸ್ಸಿನಲ್ಲಿ ಇದ್ದದ್ದನ್ನು ಹೇಳಿಕೊಳ್ಳಲು ದಾರಿ ಸಿಗುತ್ತದೆ. ಇನ್ನೊಂದು ಕೆಲಸ ಇವತ್ತೇ ಆಗಬೇಕು. ನಿಮ್ಮದು ತೋಟದ ಮನೆ. ಕೀಟನಾಶಕ, ಇಲಿ ಪಾಷಾಣ ಏನಿದ್ದರೂ ಮನೆಯಿಂದ ತೆಗೆಸಿ, ಬೇರೆ ಕಡೆ ಬೀಗ ಹಾಕಿಡಿ. ಅವನು ಅಂಥದ್ದೇನೂ ಹೇಳಿಲ್ಲದಿದ್ದರೂ ಇದನ್ನು ಮಾಡಿ. ಅದು ಕೈಗೆ ಸಿಗದೆ ಹೋದದ್ದರಿಂದಲೇ ಉಳಿದ ಜೀವಗಳು ಎಷ್ಟೋ.

ಅಂಥ ತುರ್ತಿನಲ್ಲಿ ಅವನು ಬರಲ್ಲ ಅಂದರೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದಕ್ಕೆ ದಾರಿ ಇಟ್ಟಿದೆ. 2018ರ ಮೇ ತಿಂಗಳಿಂದ ಅದು ಜಾರಿಯಲ್ಲಿದೆ. ಆ ಕಾಯ್ದೆ ಶುರುವಾಗುವುದೇ ರೋಗಿಯ ಒಪ್ಪಿಗೆಯಿಂದ. ಬಲವಂತದ ದಾಖಲಾತಿಗೆ ಕಟ್ಟುನಿಟ್ಟಿನ ಷರತ್ತುಗಳಿವೆ. ತನಗೇ ಹಾನಿ ಮಾಡಿಕೊಳ್ಳುವ ಬೆದರಿಕೆ ಅಥವಾ ಪ್ರಯತ್ನ, ಬೇರೆಯವರ ಮೇಲೆ ಹಿಂಸೆ, ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಪಾಯಕ್ಕೆ ಸಿಕ್ಕಿರುವುದು, ಇವುಗಳಲ್ಲಿ ಒಂದಾದರೂ ಇರಬೇಕು. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಿ ಹೌದು ಅನ್ನಬೇಕು. ಅವನ ಪ್ರತಿನಿಧಿ ಅರ್ಜಿ ಕೊಡಬೇಕು. ಅವನು ಯಾರನ್ನೂ ಹೆಸರಿಸಿಲ್ಲದಿದ್ದರೆ ಸಂಬಂಧಿಕರಾಗಿ ನೀವೇ ಆ ಜಾಗದಲ್ಲಿ ನಿಲ್ಲಬಹುದು. ಹೀಗೆ ಮೊದಲ ಬಾರಿಗೆ 30 ದಿನದವರೆಗೆ ಇಟ್ಟುಕೊಳ್ಳಬಹುದು, ಅದರೊಳಗೆ ಚೇತರಿಸಿಕೊಂಡರೆ ಮೊದಲೇ ಬಿಡಬೇಕು. ಜೀವಕ್ಕೇ ಅಪಾಯ ಅನ್ನುವಾಗ ಯಾವ ನೋಂದಾಯಿತ ವೈದ್ಯರಾದರೂ ತುರ್ತು ಚಿಕಿತ್ಸೆ ಕೊಟ್ಟು, 72 ಗಂಟೆಯೊಳಗೆ ಸರಿಯಾದ ಆಸ್ಪತ್ರೆಗೆ ತಲುಪಿಸಬಹುದು. 108 ಆಂಬ್ಯುಲೆನ್ಸ್ ಕರೆಯಿರಿ, ಕೈ ಮೀರಿದರೆ 112ಕ್ಕೆ ಫೋನ್ ಮಾಡಿ ಪೊಲೀಸರನ್ನು ಕರೆಯಿರಿ. ತನಗೋ ಬೇರೆಯವರಿಗೋ ಅಪಾಯ ತರುವ ಸ್ಥಿತಿಯಲ್ಲಿರುವ ರೋಗಿಯನ್ನು ರಕ್ಷಿಸಿ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು ಪೊಲೀಸರ ಕರ್ತವ್ಯ, ಲಾಕಪ್ಪಿನಲ್ಲಿ ಇಡುವಂತಿಲ್ಲ. ಆತ್ಮಹತ್ಯೆಗೆ ಪ್ರಯತ್ನಿಸಿದರೆ ಕೇಸಾಗುತ್ತದೆ ಅಂತ ಹೆದರಿ ಮುಚ್ಚಿಡುವವರಿದ್ದಾರೆ. ಹಾಗೆ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಈ ಕಾಯ್ದೆ ಪರಿಗಣಿಸುತ್ತದೆ, ಶಿಕ್ಷಿಸುವಂತಿಲ್ಲ ಅನ್ನುತ್ತದೆ.

ಬಲವಂತದ ದಾಖಲಾತಿ ಜೀವ ಉಳಿಸುತ್ತದೆ. ಆದರೆ ಅದು ಮನಸ್ಸಿನಲ್ಲಿ ಗಾಯ ಬಿಡಬಹುದು. ಅದಕ್ಕೇ ಅದನ್ನು ಕೊನೆಗೆ ಇಡಬೇಕು ಅಂತ ಹೇಳುತ್ತೇನೆ, ಬೇಕಾದಾಗ ಹಿಂಜರಿಯಬಾರದು ಅಂತಲೂ ಹೇಳುತ್ತೇನೆ. ದಾಖಲಾದರೆ ಮಗನನ್ನು ಒಬ್ಬನನ್ನೇ ಬಿಟ್ಟು ಬರಬೇಕಾ ಅಂತ ನಿಮ್ಮ ಮನಸ್ಸಿನಲ್ಲಿ ಇರಬಹುದು. ಸಾಮಾನ್ಯವಾಗಿ ಮನೆಯವರು ಒಬ್ಬರು ಜೊತೆಗಿರುತ್ತಾರೆ. ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಅವರು 1950ರ ದಶಕದಲ್ಲೇ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ಮನೆಯವರನ್ನೂ ರೋಗಿಯ ಜೊತೆ ಉಳಿಸಿಕೊಂಡು ಚಿಕಿತ್ಸೆ ಕೊಟ್ಟರು. ನಮ್ಮ ನಿಮ್ಹಾನ್ಸ್‌ನಲ್ಲೂ ಮನೆಯವರು ಜೊತೆಗೇ ಇರುವ ಪದ್ಧತಿ ಇದೆ.

ಸರಿ, ಅವನು ಒಂದು ದಿನ ಹೂಂ ಅಂದ ಅಂತಿಟ್ಟುಕೊಳ್ಳಿ. ನಾಳೆ ನಾಡಿದ್ದು ಅನ್ನದೆ ಬೇಗ ಹೊರಡಿ. ಯಾರು ಜೊತೆಗೆ ಬರಬೇಕು ಅಂತ ಅವನನ್ನೇ ಕೇಳಿ. ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವಾಗ ಶುರುವಾಯಿತು, ಮೊದಲು ಏನು ಬದಲಾಯಿತು, ನಿದ್ದೆ ಊಟ ಹೇಗಿದೆ, ಚಿಕ್ಕಂದಿನಲ್ಲಿ ಫಿಟ್ಸ್, ತಲೆಗೆ ಪೆಟ್ಟು ಏನಾದರೂ ಆಗಿತ್ತಾ, ಮನೆತನದಲ್ಲಿ ಯಾರಿಗಾದರೂ ಇಂಥ ತೊಂದರೆ ಇತ್ತಾ. ಆ ಹಾಳೆಯನ್ನು ವೈದ್ಯರಿಗೆ ಕೊಡಿ. ಮಗನ ಎದುರಿಗೆ ಕೂತು ಅವನ ತಪ್ಪುಗಳ ಪಟ್ಟಿ ಓದುವುದು ಬೇಡ. ವೈದ್ಯರ ಹತ್ತಿರ ಅವನಿಗೆ ಒಬ್ಬನೇ ಮಾತಾಡಲು ಬಿಡಿ. ಅವನು ಹೇಳಿದ್ದೆಲ್ಲವನ್ನೂ ವೈದ್ಯರು ನಿಮಗೆ ಹೇಳುವುದಿಲ್ಲ. ಅದರಿಂದ ಬೇಜಾರು ಮಾಡಿಕೊಳ್ಳಬೇಡಿ, ಆ ನಂಬಿಕೆಯ ಮೇಲೇ ಅವನು ಎರಡನೇ ಸಲ ಬರುವುದು.

ಮಾತ್ರೆ ಬರೆದರೆ ಮೊದಲು ಸುಧಾರಿಸುವುದು ಸಾಮಾನ್ಯವಾಗಿ ನಿದ್ದೆ ಮತ್ತು ಗಾಬರಿ. ಅನುಮಾನ, ದನಿ ಕಡಿಮೆಯಾಗಲು ವಾರಗಳೇ ಬೇಕು. ಎದ್ದು ಓಡಾಡುವ, ಮಾತಾಡುವ ಉತ್ಸಾಹ ಇನ್ನೂ ತಡ. ಮಂಪರು, ಕೈ ನಡುಕ, ಬಿಗಿತ, ಜಾಸ್ತಿ ಹಸಿವು ಏನೇ ಕಂಡರೂ ನೀವಾಗಿ ಮಾತ್ರೆ ನಿಲ್ಲಿಸದೆ ವೈದ್ಯರಿಗೆ ಹೇಳಿ. ಪ್ರಮಾಣ ಬದಲಿಸಲು, ಬೇರೆ ಮಾತ್ರೆ ಕೊಡಲು ಆಗುತ್ತದೆ. ದಿನಾ ನುಂಗುವುದು ಬೇಡ ಅನ್ನುವವರಿಗೆ ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವಂಥ ಇಂಜೆಕ್ಷನ್ನುಗಳೂ ಇವೆ, ಅವನು ಒಪ್ಪಿದರೆ. ‘ಈಗಲಾದರೂ ಒಪ್ಪಿಕೊಂಡೆಯಲ್ಲ, ನಿನಗೆ ಕಾಯಿಲೆ ಇತ್ತು ಅಂತ’ ಅನ್ನುವ ಮಾತು ಮಾತ್ರ ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದು. ನಿದ್ದೆಗೆ ಅಂತ ನುಂಗಿದರೆ ನಿದ್ದೆಗೇ ಇರಲಿ.

ಮೊದಲಿನ ಹಾಗೆ ಆಗುತ್ತಾನಾ ಅಂತ ನೀವು ಕೇಳಿಲ್ಲ. ಕೇಳಲು ಧೈರ್ಯ ಬಂದಿರಲಾರದು. ಕೆಲವರು ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ನಡುನಡುವೆ ಮರುಕಳಿಸುತ್ತದೆ, ಆದರೂ ಕೆಲಸ ಸಂಸಾರ ನಡೆಸುತ್ತಾರೆ. ಕೆಲವರಿಗೆ ಬಹಳ ಕಾಲ ಆಸರೆ ಬೇಕಾಗುತ್ತದೆ. ನಿಮ್ಮ ಮಗ ಯಾವ ಗುಂಪು ಅಂತ ಮೊದಲ ದಿನ ಯಾರೂ ಹೇಳಲಾರರು. ವೈದ್ಯರನ್ನು ಬಿಡದೆ ಕೇಳಬೇಕಾದ್ದು ಬೇರೆ ಇದೆ: ಮಾತ್ರೆ ಎಷ್ಟು ಕಾಲ, ಮತ್ತೆ ಶುರುವಾಗುವ ಮೊದಲ ಸೂಚನೆ ಯಾವುದು, ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು, ಮುಂದಿನ ಸಲ ಯಾವತ್ತು ಬರಬೇಕು. ಆ ತಾರೀಖನ್ನು ನಿಮ್ಮ ಮಗನ ಕೈಯಲ್ಲೇ ಬರೆಸಿಕೊಳ್ಳಿ.